ಹೆಣ್ಣುಮಕ್ಕಳ ಆತ್ಮರಕ್ಷಣೆ: ನಮ್ಮ ಮನೆಗಳಲ್ಲಿ ಬೇರೂರಿದ ತಪ್ಪು ತಿಳಿವಳಿಕೆಗಳು

ಅಕ್ಟೋಬರ್ ಮಾಸದಲ್ಲಿ ಕಿತ್ತೂರಿನಲ್ಲಿ ಚನ್ನಮ್ಮಾಜಿಯ ಉತ್ಸವವು ವೈಭವದಿಂದ ಜರುಗುತ್ತದೆ. ನವೆಂಬರ್ 11ರಂದು ಒನಕೆ ಓಬವ್ವನ ಜಯಂತಿಯನ್ನು 2021ರಿಂದ ರಾಜ್ಯ ಸರಕಾರವೇ ಆಚರಿಸುತ್ತ ಬಂದಿದೆ. ಈ ಸಮಾರಂಭಗಳಲ್ಲಿ ವೀರಮಾತೆಯರ ಭಾವಚಿತ್ರಕ್ಕೆ ಮಾಲೆ ಹಾಕಿ, ಅವರ ಶೌರ್ಯವನ್ನು ಕೊಂಡಾಡಿ ಮನೆಗೆ ಮರಳುವ ನಾವು, ನಮ್ಮ ಮಗಳಿಗೆ ಹೇಳುವ ಮಾತಾದರೂ ಯಾವುದು? “ತಲೆ ತಗ್ಗಿಸಿಕೊಂಡು ಹೋಗು, ತಲೆ ತಗ್ಗಿಸಿಕೊಂಡು ಬಾ, ಯಾರು ಏನೆಂದರೂ ತಿರುಗಿ ಮಾತನಾಡಬೇಡ” ಎಂಬುದೇ ಆಗಿದೆ. ಪೂಜಿಸುವ ಆದರ್ಶವೊಂದು, ಕಲಿಸುವ ಪಾಠ ಇನ್ನೊಂದು. ಈ ವಿರೋಧಾಭಾಸದ ಮೂಲದಲ್ಲಿ ಆತ್ಮರಕ್ಷಣೆಯನ್ನು ಕುರಿತ ಹಲವು ತಪ್ಪು ಕಲ್ಪನೆಗಳಿವೆ. ಅವುಗಳನ್ನು ಒಂದೊಂದಾಗಿ ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ಬಲಶಾಲಿಗಳಿಗೆ ಮಾತ್ರವೇ?

ಆತ್ಮರಕ್ಷಣೆ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಕತ್ತಿ ಹಿಡಿದ ರಾಣಿ ಅಥವಾ ಹಲಗೆಯನ್ನು ಕೈಯಿಂದ ಮುರಿಯುವ ಕರಾಟೆಪಟು. “ನಮ್ಮ ಹುಡುಗಿ ಸೂಕ್ಷ್ಮ ಮೈಕಟ್ಟಿನವಳು, ಅವಳಿಂದ ಇದೆಲ್ಲ ಆಗದು” ಎಂದು ತಾಯಂದಿರು ನುಡಿಯುವುದುಂಟು. ಚನ್ನಮ್ಮನು ಬಾಲ್ಯದಿಂದಲೇ ಕುದುರೆ ಸವಾರಿಯನ್ನೂ ಕತ್ತಿವರಸೆಯನ್ನೂ ಕಲಿತವಳೆಂಬುದು ನಿಜ. ಆದರೆ ಓಬವ್ವನು ಯಾವ ಗರಡಿಮನೆಗೂ ಹೋದವಳಲ್ಲ. ಚಿತ್ರದುರ್ಗದ ಜನ ತಲೆಮಾರುಗಳಿಂದ ಹೇಳುತ್ತ ಬಂದಿರುವ ಕಥೆಯನ್ನು ನೆನೆಯೋಣ. ಕಾವಲುಗಾರನಾದ ಗಂಡ ಊಟಕ್ಕೆ ಕುಳಿತಿದ್ದಾನೆ. ನೀರು ತರಲು ಹೋದ ಹೆಂಡತಿಗೆ ಹೈದರಾಲಿಯ ಸೈನಿಕರು ಬಂಡೆಯ ಕಿಂಡಿಯೊಂದರಿಂದ ಒಳನುಸುಳುತ್ತಿರುವುದು ಗೋಚರಿಸುತ್ತದೆ. ಆಕೆ ಕೈಗೆತ್ತಿಕೊಂಡದ್ದು ಅಡುಗೆಮನೆಯ ಒನಕೆಯನ್ನು. ನಿಂತದ್ದು ಒಬ್ಬೊಬ್ಬನೇ ತಲೆ ಹೊರಗೆ ಹಾಕಬಹುದಾದ ಕಿಂಡಿಯ ಬಳಿಯಲ್ಲಿ.

ಈ ಕಥೆಯಲ್ಲಿ ತೋಳ್ಬಲಕ್ಕಿಂತ ಮಿಗಿಲಾದ ಮೂರು ಸಂಗತಿಗಳಿವೆ. ಅಪಾಯವನ್ನು ಬೇಗನೆ ಗುರುತಿಸಿದ್ದು, ತನಗೆ ಅನುಕೂಲವಾದ ಸ್ಥಳದಲ್ಲಿ ನಿಂತದ್ದು, ಕೈಗೆ ಸಿಕ್ಕ ವಸ್ತುವನ್ನು ತಡಮಾಡದೆ ಬಳಸಿದ್ದು. ಇಂದಿನ ತರಬೇತಿಯ ಸಾರವೂ ಇದೇ ಆಗಿದೆ. ಎದುರಾಳಿಯನ್ನು ಸೋಲಿಸುವುದು ಅದರ ಗುರಿಯಲ್ಲ. ಬಿಡಿಸಿಕೊಂಡು ಸುರಕ್ಷಿತ ಸ್ಥಳ ಸೇರುವುದು ಗುರಿ. ಗಟ್ಟಿಯಾಗಿ ಕೂಗುವುದು, ಹಿಡಿದ ಕೈಯನ್ನು ಹೆಬ್ಬೆರಳಿನ ಕಡೆಗೆ ತಿರುಗಿಸಿ ಬಿಡಿಸಿಕೊಳ್ಳುವುದು, ಮೊಣಕೈ ಮೊಣಕಾಲುಗಳನ್ನು ಬಳಸುವುದು, ಓಡುವುದು, ಇವೆಲ್ಲ ಹತ್ತು ವರ್ಷದ ಬಾಲಕಿಗೂ ಐವತ್ತರ ಗೃಹಿಣಿಗೂ ಸಾಧ್ಯವಾದವುಗಳೇ.

ಕತ್ತಲೆಯ ಹಾದಿ, ಅಪರಿಚಿತ ಮನುಷ್ಯ

ಎರಡನೆಯ ತಪ್ಪು ತಿಳಿವಳಿಕೆ ಎಲ್ಲಕ್ಕಿಂತ ಅಪಾಯಕಾರಿ. ಕೇಡು ಹೊರಗಿನಿಂದ ಬರುತ್ತದೆ, ರಾತ್ರಿಯ ವೇಳೆ ಬರುತ್ತದೆ, ಗುರುತಿಲ್ಲದವನಿಂದ ಬರುತ್ತದೆ ಎಂದು ನಾವು ನಂಬಿದ್ದೇವೆ. ಆದ್ದರಿಂದಲೇ ಸಂಜೆಯಾದೊಡನೆ ಬಾಗಿಲು ಹಾಕಿಕೊಂಡರೆ ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ವರದಿಗಳು ಬೇರೊಂದು ಚಿತ್ರವನ್ನು ನೀಡುತ್ತವೆ. 2021ರಲ್ಲಿ ದೇಶದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 31,677; ಅವುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಆರೋಪಿಯು ಸಂತ್ರಸ್ತೆಗೆ ಪರಿಚಿತನೇ ಆಗಿದ್ದನು. ಬಂಧು, ನೆರೆಯವ, ಕುಟುಂಬದ ಸ್ನೇಹಿತ, ಕೆಲಸ ಕೊಟ್ಟವ, ಮದುವೆಯಾಗುವೆನೆಂದು ನಂಬಿಸಿದವ, ಇಂಥವರೇ ಈ ಪಟ್ಟಿಯಲ್ಲಿ ಬರುತ್ತಾರೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ವಾಚಕರ ಮುಂದೆ ನಿವೇದಿಸಿಕೊಳ್ಳಬೇಕಾಗಿದೆ. ಮೂವತ್ತು ವರ್ಷಗಳಿಗೂ ಹಿಂದಿನ ಮಾತು. ನಮ್ಮ ಬಳಗದ ಹನ್ನೆರಡು ವರ್ಷದ ಬಾಲಕಿಯೊಬ್ಬಳು ರಜೆಯಲ್ಲಿ ಒಬ್ಬ ಹಿರಿಯರ ಮನೆಗೆ ಹೋಗಬೇಕಾಗಿತ್ತು. ಆಕೆ ನನ್ನ ಬಳಿ ಬಂದು, “ಕಾಕಾ, ನಾನು ಆ ಮನೆಗೆ ಹೋಗುವುದಿಲ್ಲ” ಎಂದಳು. ಮಠದಲ್ಲಿ ಓದಿ, ಹತ್ತಾರು ವೇದಿಕೆಗಳಲ್ಲಿ ಪ್ರವಚನ ಮಾಡುತ್ತಿದ್ದ ನಾನು ಕಾರಣವನ್ನು ಕೇಳಲಿಲ್ಲ. “ಹಿರಿಯರ ಮನೆಯ ವಿಷಯದಲ್ಲಿ ಹಾಗೆ ಹಠ ಮಾಡಬಾರದು ತಂಗಿ” ಎಂದು ವಿನಯದ ಮೇಲೆ ಉಪದೇಶ ಮಾಡಿ ಕಳುಹಿಸಿದೆ. ಅನೇಕ ವರ್ಷಗಳು ಕಳೆದು, ತಾನೂ ತಾಯಿಯಾದ ಮೇಲೆ, ಆಕೆ ನನ್ನ ಧರ್ಮಪತ್ನಿಯ ಮುಂದೆ ನಡೆದುದನ್ನೆಲ್ಲ ಹೇಳಿಕೊಂಡಳು. “ಅಂದು ನಾನು ಬೇಡವೆಂದೆ, ಅತ್ತಿ, ಕಾಕಾ ಕೇಳಲಿಲ್ಲ” ಎಂದಳಂತೆ. ಆ ಒಂದು ವಾಕ್ಯವು ನನ್ನ ಪಾಂಡಿತ್ಯವನ್ನೆಲ್ಲ ನಿರರ್ಥಕಗೊಳಿಸಿತು.

ಆ ಬಾಲಕಿಯು ತನ್ನನ್ನು ರಕ್ಷಿಸಿಕೊಳ್ಳಲು ತನ್ನಿಂದಾದ ಪ್ರಯತ್ನವನ್ನು ಮಾಡಿದ್ದಳು. “ಹೋಗುವುದಿಲ್ಲ” ಎಂಬ ಮಾತೇ ಅವಳ ಒನಕೆಯಾಗಿತ್ತು. ಅದನ್ನು ಅವಳ ಕೈಯಿಂದ ಕಸಿದುಕೊಂಡವನು ನಾನು.

ಎದುರಿಸಿದರೆ ಪೆಟ್ಟು ಹೆಚ್ಚೇ?

“ಸುಮ್ಮನಿದ್ದರೆ ಜೀವವಾದರೂ ಉಳಿದೀತು, ಎದುರಿಸಿದರೆ ಕೊಂದೇಬಿಟ್ಟಾನು” ಎಂಬ ಮಾತು ಮೂರನೆಯದು. ಅಮೆರಿಕದಲ್ಲಿ ಅಪರಾಧಕ್ಕೆ ಗುರಿಯಾದವರನ್ನೇ ಕೇಳಿ ಸಂಗ್ರಹಿಸಿದ ರಾಷ್ಟ್ರೀಯ ಸಮೀಕ್ಷೆಯ ವಿವರಗಳನ್ನು ವಿದ್ವಾಂಸರು ಪರಿಶೀಲಿಸಿದಾಗ, ಪ್ರತಿರೋಧ ತೋರಿದವರಲ್ಲಿ ಅತ್ಯಾಚಾರವು ಪೂರ್ಣಗೊಳ್ಳುವ ಸಂಭವ ಗಣನೀಯವಾಗಿ ಕಡಿಮೆಯೆಂದೂ, ಪ್ರತಿರೋಧದ ಕಾರಣದಿಂದ ಗಂಭೀರ ಗಾಯಗಳು ಹೆಚ್ಚುವುದಿಲ್ಲವೆಂದೂ ಕಂಡುಬಂದಿತು.

ಕೆನಡಾ ದೇಶದಲ್ಲಿ ನಡೆದ ಇನ್ನೊಂದು ಅಧ್ಯಯನದ ಫಲಿತಾಂಶವು 2015ರಲ್ಲಿ ಪ್ರಕಟವಾಯಿತು. ಮೂರು ವಿಶ್ವವಿದ್ಯಾಲಯಗಳ 893 ವಿದ್ಯಾರ್ಥಿನಿಯರನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಒಟ್ಟು 12 ಗಂಟೆಗಳ ತರಬೇತಿಯನ್ನೂ, ಇನ್ನೊಂದಕ್ಕೆ ಕೇವಲ ಮಾಹಿತಿ ಪತ್ರಿಕೆಗಳನ್ನೂ ನೀಡಲಾಯಿತು. ಒಂದು ವರ್ಷದ ನಂತರ ವಿಚಾರಿಸಿದಾಗ, ಪತ್ರಿಕೆಗಳನ್ನಷ್ಟೇ ಪಡೆದವರಲ್ಲಿ ನೂರಕ್ಕೆ 9.8 ಮಂದಿ ಅತ್ಯಾಚಾರಕ್ಕೆ ಒಳಗಾಗಿದ್ದರೆ, ತರಬೇತಿ ಪಡೆದವರಲ್ಲಿ ಈ ಪ್ರಮಾಣ 5.2ಕ್ಕೆ ಇಳಿದಿತ್ತು. ಗಮನಾರ್ಹವಾದುದೆಂದರೆ, ಆ ತರಬೇತಿಯಲ್ಲಿ ಹೊಡೆತದ ಪಟ್ಟುಗಳು ಒಂದು ಭಾಗ ಮಾತ್ರವಾಗಿದ್ದವು. ಪರಿಚಿತರ ನಡತೆಯಲ್ಲಿ ಅಪಾಯದ ಸುಳಿವನ್ನು ಗುರುತಿಸುವುದು, “ಇವರಿಗೆ ಬೇಡವೆನ್ನುವುದು ಹೇಗೆ” ಎಂಬ ಸಂಕೋಚವನ್ನು ಮೀರುವುದು, ಸ್ಪಷ್ಟವಾಗಿ ನಿರಾಕರಿಸುವುದು, ಇವುಗಳಿಗೂ ಅಷ್ಟೇ ಪ್ರಾಶಸ್ತ್ಯವಿತ್ತು. ಹಾಗೆಂದು ಎಲ್ಲ ಸಂದರ್ಭದಲ್ಲಿಯೂ ಕಾದಾಡಲೇಬೇಕೆಂಬ ನಿಯಮವೇನೂ ಇಲ್ಲ. ಆಯುಧ ಹಿಡಿದವನೆದುರು ಸರವನ್ನೋ ಹಣವನ್ನೋ ಕೊಟ್ಟು ಪ್ರಾಣ ಉಳಿಸಿಕೊಳ್ಳುವುದೂ ಆತ್ಮರಕ್ಷಣೆಯೇ.

ಎದುರಿಸದಿದ್ದರೆ ಒಪ್ಪಿದಂತೆಯೇ?

ನಾಲ್ಕನೆಯ ಕಲ್ಪನೆ ಇದಕ್ಕೆ ತದ್ವಿರುದ್ಧವಾದುದು. “ಕೂಗಲಿಲ್ಲವೇಕೆ? ಮೈಮೇಲೆ ಗಾಯವೇ ಇಲ್ಲವಲ್ಲ?” ಎಂದು ಕೇಳುವವರು ಹೊರಗಿನವರಷ್ಟೇ ಅಲ್ಲ, ಮನೆಯವರೂ ಹೌದು. ಈ ತಪ್ಪನ್ನು ಒಮ್ಮೆ ನಮ್ಮ ನ್ಯಾಯಾಲಯವೂ ಮಾಡಿತು. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಆದಿವಾಸಿ ಬಾಲಕಿಯೊಬ್ಬಳ ಮೇಲೆ ಅತ್ಯಾಚಾರ ನಡೆಸಿದ ಆಪಾದನೆಯಿಂದ ಇಬ್ಬರು ಪೊಲೀಸರನ್ನು 1978ರಲ್ಲಿ ಸುಪ್ರೀಂ ಕೋರ್ಟು ಬಿಡುಗಡೆ ಮಾಡಿತು. ಆಕೆಯ ದೇಹದ ಮೇಲೆ ಗಾಯದ ಗುರುತುಗಳಿಲ್ಲದಿದ್ದುದು ಆ ತೀರ್ಪಿನ ಮುಖ್ಯ ಆಧಾರಗಳಲ್ಲಿ ಒಂದಾಗಿತ್ತು. 1979ರಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್ ಮೊದಲಾದ ನಾಲ್ವರು ಕಾನೂನು ಪ್ರಾಧ್ಯಾಪಕರು ನ್ಯಾಯಾಲಯಕ್ಕೆ ಬಹಿರಂಗ ಪತ್ರ ಬರೆದರು. ಶರಣಾಗತಿ ಬೇರೆ, ಸಮ್ಮತಿ ಬೇರೆ ಎಂಬುದು ಅವರ ವಾದವಾಗಿತ್ತು. ದೇಶಾದ್ಯಂತ ಮಹಿಳೆಯರು ಬೀದಿಗಿಳಿದರು. 1983ರಲ್ಲಿ ಕಾನೂನು ತಿದ್ದುಪಡಿಗೊಂಡಿತು. 2013ರ ತಿದ್ದುಪಡಿಯಂತೂ, ದೈಹಿಕವಾಗಿ ಪ್ರತಿರೋಧಿಸಲಿಲ್ಲವೆಂಬ ಒಂದೇ ಕಾರಣದಿಂದ ಸ್ತ್ರೀಯು ಸಮ್ಮತಿಸಿದಳೆಂದು ಪರಿಗಣಿಸಕೂಡದೆಂದು ಸ್ಪಷ್ಟವಾಗಿ ಸಾರಿತು. ಈಗಿನ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮಿನಲ್ಲಿಯೂ ಇದು ಉಳಿದುಕೊಂಡಿದೆ.

ವೈದ್ಯಶಾಸ್ತ್ರವೂ ಇದನ್ನೇ ಸಮರ್ಥಿಸುತ್ತದೆ. ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ಅತ್ಯಾಚಾರಕ್ಕೊಳಗಾದವರ ತುರ್ತು ಚಿಕಿತ್ಸಾಲಯಕ್ಕೆ ಬಂದ 298 ಸ್ತ್ರೀಯರನ್ನು ಕುರಿತ ಅಧ್ಯಯನವು 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 70 ಮಂದಿ, ಆಕ್ರಮಣದ ಸಮಯದಲ್ಲಿ ಕೈಕಾಲು ಅಲುಗದಂತೆ, ಧ್ವನಿ ಹೊರಡದಂತೆ ಸ್ತಬ್ಧಗೊಂಡಿದ್ದರು. ಬೆಕ್ಕಿನ ಬಾಯಲ್ಲಿ ಸಿಕ್ಕ ಇಲಿಮರಿ ಮರಗಟ್ಟುವಂತೆ, ಅತಿಯಾದ ಭಯದಲ್ಲಿ ಶರೀರವೇ ತೋರುವ ಪ್ರತಿಕ್ರಿಯೆ ಅದು. ಅದರಲ್ಲಿ ಹೇಡಿತನವೂ ಇಲ್ಲ, ಒಪ್ಪಿಗೆಯೂ ಇಲ್ಲ.

ಕಾನೂನು ಯಾರ ಪರ?

“ಅವನಿಗೇನಾದರೂ ಆದರೆ ನಮ್ಮ ಹುಡುಗಿಯೇ ಜೈಲಿಗೆ ಹೋದಾಳು” ಎಂಬ ಭೀತಿಯೂ ಅನೇಕರಲ್ಲಿದೆ. ಸ್ವರಕ್ಷಣೆಗಾಗಿ ಮಾಡಿದ ಕೃತ್ಯವು ಅಪರಾಧವಲ್ಲವೆಂದು ಹಿಂದಿನ ಭಾರತೀಯ ದಂಡ ಸಂಹಿತೆಯೂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳೂ ಅದನ್ನೇ ಹೇಳುತ್ತವೆ. ತನ್ನ ದೇಹವನ್ನಷ್ಟೇ ಅಲ್ಲ, ಇನ್ನೊಬ್ಬರ ದೇಹವನ್ನು ರಕ್ಷಿಸುವ ಹಕ್ಕೂ ನಮಗಿದೆ. ಏಟು ಬೀಳುವವರೆಗೆ ಕಾಯಬೇಕಾಗಿಲ್ಲ. ಅಪಾಯದ ಸಕಾರಣ ಭಯ ಉಂಟಾದ ಕ್ಷಣದಿಂದಲೇ ಈ ಹಕ್ಕು ಆರಂಭವಾಗುತ್ತದೆ. ಅತ್ಯಾಚಾರ, ಅಪಹರಣ, ಆಮ್ಲದಾಳಿಯಂಥ ಸಂದರ್ಭಗಳಲ್ಲಿ ಆಕ್ರಮಣಕಾರನ ಪ್ರಾಣಹರಣದವರೆಗೂ ಇದು ವಿಸ್ತರಿಸುತ್ತದೆಂದು 38ನೆಯ ಕಲಮು ತಿಳಿಸುತ್ತದೆ.

ಆದರೆ ಈ ಹಕ್ಕಿಗೆ ಮಿತಿಯೂ ಇದೆ. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡಕೂಡದು. ಅಪಾಯ ಕಳೆದ ಮೇಲೆ ಬೆನ್ನಟ್ಟಿ ಹೊಡೆಯುವುದು ರಕ್ಷಣೆಯಾಗದು, ಸೇಡಾಗುತ್ತದೆ. ಕೈಚೀಲದಲ್ಲಿ ಪೆಪ್ಪರ್ ಸ್ಪ್ರೇ ಇಟ್ಟುಕೊಂಡರೆ ಎಲ್ಲವೂ ಮುಗಿಯಿತೆಂದು ತಿಳಿಯುವುದೂ ಸರಿಯಲ್ಲ. ಬಳಸಲು ಅಭ್ಯಾಸವಿಲ್ಲದಿದ್ದರೆ ಅದು ಚೀಲದ ತಳದಲ್ಲಿಯೇ ಉಳಿಯುತ್ತದೆ. ಪ್ರಾಣಾಪಾಯವಿಲ್ಲದ ಸಾಮಾನ್ಯ ಜಗಳದಲ್ಲಿ ಬಳಸಿದರೆ ಮೊಕದ್ದಮೆಗೂ ದಾರಿಯಾಗುತ್ತದೆ.

ಹೊಣೆ ಅವಳೊಬ್ಬಳದೇ?

ಕೊನೆಯ ತಪ್ಪು ತಿಳಿವಳಿಕೆಯು ಒಳ್ಳೆಯ ಉದ್ದೇಶದವರಲ್ಲಿಯೇ ಇರುವಂಥದು. ಮಗಳನ್ನು ತರಬೇತಿಗೆ ಕಳುಹಿಸಿದೆವು, ಇನ್ನು ಅವಳ ರಕ್ಷಣೆ ಅವಳ ಹೊಣೆ ಎಂಬ ಭಾವನೆ ಅದು. ಸಮಗ್ರ ಶಿಕ್ಷಣ ಯೋಜನೆಯ ಅಡಿಯಲ್ಲಿ ಸರಕಾರಿ ಶಾಲೆಗಳ 6ರಿಂದ 12ನೆಯ ತರಗತಿಯ ಬಾಲಕಿಯರಿಗೆ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ ಮೂರು ತಿಂಗಳ ತರಬೇತಿಯ ಏರ್ಪಾಡಿದೆ. ಇಂಥ ಅವಕಾಶವನ್ನು ತಂದೆತಾಯಿಗಳು ಕಳೆದುಕೊಳ್ಳಬಾರದು. ಆದರೆ ಬೆಂಕಿ ಆರಿಸುವುದನ್ನು ಕಲಿತವಳ ಮನೆಗೆ ಬೆಂಕಿ ಬಿದ್ದರೆ ತಪ್ಪು ಬೆಂಕಿಯಿಟ್ಟವನದೇ ಹೊರತು ಅವಳದಲ್ಲ. ಮಗಳಿಗೆ ರಕ್ಷಣೆಯನ್ನು ಕಲಿಸುವ ಮನೆಯು ಮಗನಿಗೆ ಸಂಯಮವನ್ನೂ ಕಲಿಸಬೇಕು. “ಬೇಡ” ಎಂಬ ಮಾತಿಗೆ “ಬೇಡ” ಎಂಬುದೊಂದೇ ಅರ್ಥವೆಂದು ಅವನು ತಾಯಿಯ ಮಡಿಲಲ್ಲಿಯೇ ತಿಳಿಯಬೇಕು.

ಆದ್ದರಿಂದ ಸಮಾಜ ಬಾಂಧವರಲ್ಲಿ ನನ್ನ ವಿನಂತಿ ಇಷ್ಟು. ಹಿರಿಯರನ್ನು ಗೌರವಿಸಲು ಮಕ್ಕಳಿಗೆ ಕಲಿಸಿರಿ. ಜೊತೆಗೇ, ಯಾವ ಹಿರಿಯರೇ ಆಗಲಿ ಮೈ ಮುಟ್ಟಿದ ರೀತಿ ಸರಿಬಾರದಿದ್ದರೆ ಕೂಗಿ ಹೊರಗೆ ಬಂದು ಹೇಳಬೇಕೆಂದೂ ಕಲಿಸಿರಿ. 112 ತುರ್ತು ಸಹಾಯದ ಸಂಖ್ಯೆ, 181 ಮಹಿಳೆಯರಿಗೆ, 1098 ಮಕ್ಕಳಿಗೆ. ಈ ಮೂರನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆದಿಡಿರಿ. ಘಟನೆ ಯಾವ ಊರಿನಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ದೂರು ದಾಖಲಿಸಬಹುದೆಂಬುದನ್ನು ನೆನಪಿಡಿರಿ. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದುದು ತಿಳಿದೂ ಮುಚ್ಚಿಡುವುದು 2012ರ ಪೋಕ್ಸೋ ಕಾಯಿದೆಯಂತೆ ಶಿಕ್ಷಾರ್ಹ. ಮನೆತನದ ಮರ್ಯಾದೆಯ ಹೆಸರಿನಲ್ಲಿ ಮುಚ್ಚಿಡುವವರಿಗೂ ಇದು ಅನ್ವಯಿಸುತ್ತದೆ.

ಈ ಲೇಖನವನ್ನು ಬರೆಯುವ ಮುನ್ನ ನಮ್ಮ ಬಳಗದ ಆ ಹೆಣ್ಣುಮಗಳ ಅನುಮತಿಯನ್ನು ಬೇಡಿದೆ. “ಬರೆಯಿರಿ ಕಾಕಾ” ಎಂದಳು. “ಆದರೆ ಹುಡುಗಿಯರಿಗೆ ಧೈರ್ಯ ಹೇಳುವುದಕ್ಕಿಂತ ಮೊದಲು ದೊಡ್ಡವರಿಗೆ ಕೇಳಿಸಿಕೊಳ್ಳುವುದನ್ನು ಹೇಳಿರಿ” ಎಂದೂ ಸೇರಿಸಿದಳು. ಅವಳ ಮಾತನ್ನೇ ಇಲ್ಲಿ ಒಪ್ಪಿಸುತ್ತಿದ್ದೇನೆ. ನಿಮ್ಮ ಮನೆಯ ಮಗುವೊಂದು “ನಾನು ಅಲ್ಲಿಗೆ ಹೋಗುವುದಿಲ್ಲ” ಎಂದಾಗ ಉಪದೇಶಕ್ಕೆ ತೊಡಗದಿರಿ. ಹತ್ತಿರ ಕೂರಿಸಿಕೊಂಡು, “ಯಾಕೆ ತಂಗಿ?” ಎಂದು ಮೆಲ್ಲನೆ ಕೇಳಿರಿ, ಅವಳು ಹೇಳಿದುದನ್ನು ನಂಬಿರಿ. ನಾನು ಅಂದು ಕೇಳದೆ ಹೋದ ಪ್ರಶ್ನೆ ಅದೊಂದೇ.