ಕಣ್ಣೊಳಗೆ ನೀಲಿ ಬಣ್ಣ

ಸೆಲ್ಲೋಟೇಪ್ ಸುರುಳಿಯ ತುದಿ ಹುಡುಕಿ ನೀವು ಎಷ್ಟೋ ಸಲ ಬೇಸತ್ತಿರಬಹುದು. ತುದಿ ಅಲ್ಲೇ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಕಣ್ಣಿನ ಪೊರೆ ತೆಗೆಯುವ ವೈದ್ಯರಿಗೂ ಕೆಲವೊಮ್ಮೆ ಇಂಥದೇ ಫಜೀತಿ!

ಪೊರೆ ಎಂದರೆ ಕಣ್ಣಿನ ಮೇಲೆ ಬೆಳೆಯುವ ತೆರೆ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಪಾಪೆಯ ಹಿಂದಿರುವ ಮಸೂರವೇ ಮಬ್ಬಾಗುತ್ತದೆ. ಈ ಮಸೂರ ಒಂದು ಪಾರದರ್ಶಕ ಚೀಲದೊಳಗಿದೆ. ಚೀಲದ ಗೋಡೆ ನಿಮ್ಮ ತಲೆಗೂದಲಿಗಿಂತಲೂ ತೆಳು. ವೈದ್ಯರು ಚೀಲದ ಮುಂಭಾಗದಲ್ಲಿ ಸಾಮಾನ್ಯವಾಗಿ 5ರಿಂದ 6 ಮಿಲಿಮೀಟರ್ ಅಗಲದ ದುಂಡನೆಯ ಕಿಂಡಿ ಮಾಡುತ್ತಾರೆ. ಅದರ ಮೂಲಕ ಮಬ್ಬಾದ ಮಸೂರವನ್ನು ತೆಗೆದು, ಅದೇ ಚೀಲದಲ್ಲಿ ಕೃತಕ ಮಸೂರ ಕೂರಿಸುತ್ತಾರೆ.

ಪಾರದರ್ಶಕ ಚೀಲವನ್ನು ನೋಡಿ ಕತ್ತರಿಸುವುದು ಹೇಗೆ? ಫ್ಲಾಶ್ ಹಾಕಿ ತೆಗೆದ ಫೋಟೋದಲ್ಲಿ ಕಣ್ಣು ಕೆಂಪಗೆ ಕಾಣುವುದನ್ನು ನೋಡಿದ್ದೀರಲ್ಲವೇ? ಕಣ್ಣಿನ ಹಿಂಭಾಗಕ್ಕೆ ತಗುಲಿ ಮರಳಿದ ಬೆಳಕು ಅದು. ಸೂಕ್ಷ್ಮದರ್ಶಕದ ಬೆಳಕೂ ಹೀಗೆಯೇ ಕೆಂಪಾಗಿ ಮರಳುತ್ತದೆ. ಆ ಕೆಂಪಿನ ಎದುರು ಚೀಲದ ಕತ್ತರಿಸಿದ ಅಂಚು ಕಾಣುತ್ತದೆ.

ಆದರೆ ನಮ್ಮ ಎಷ್ಟೋ ಅಜ್ಜ, ಅಜ್ಜಿಯರು "ಪೊರೆ ಇನ್ನೂ ಬಲಿಯಲಿ" ಎಂದು ವರ್ಷಗಟ್ಟಲೆ ಕಾಯುತ್ತಾರೆ. ಆಗ ಮಸೂರ ಹಾಲಿನಂತೆ ಬೆಳ್ಳಗಾಗುತ್ತದೆ. ಬೆಳಕು ಒಳಗೆ ಹೋಗದು, ಕೆಂಪು ಮರಳದು. ಸಾಲದ್ದಕ್ಕೆ ಮಸೂರ ಊದಿಕೊಂಡು ಚೀಲವನ್ನು ಒಳಗಿನಿಂದ ಒತ್ತುತ್ತಿರಬಹುದು. ಕತ್ತರಿಸಲು ಹೊರಟ ಗೆರೆ ಕೈತಪ್ಪಿ ಅಂಚಿನವರೆಗೆ ಹರಿದರೆ, ಹೊಸ ಮಸೂರಕ್ಕೆ ಗಟ್ಟಿ ಆಸರೆ ಸಿಗುವುದು ಕಷ್ಟ.

1999ರಲ್ಲಿ ನೆದರ್‌ಲೆಂಡ್ಸ್‌ನ ಗೆರಿಟ್ ಮೆಲ್ಲೆಸ್ ಮತ್ತು ಸಂಗಡಿಗರು ಇದಕ್ಕೊಂದು ಉಪಾಯ ಪ್ರಕಟಿಸಿದರು. ಅದು ಟ್ರಿಪಾನ್ ಬ್ಲೂ ಎಂಬ ಬಣ್ಣ. ಸತ್ತ ಜೀವಕೋಶಗಳನ್ನು ಗುರುತಿಸಲು ಪ್ರಯೋಗಾಲಯಗಳಲ್ಲಿ ಬಳಸುವ ಬಣ್ಣವಿದು. ಕಣ್ಣಿನೊಳಗೆ ಮೊದಲು ಒಂದು ಗಾಳಿಗುಳ್ಳೆ ಬಿಡುತ್ತಾರೆ. ಅದರಿಂದ ಬಣ್ಣ ನೀರಿನಲ್ಲಿ ತೆಳುವಾಗದೆ ಚೀಲದ ಮೇಲೆಯೇ ನಿಲ್ಲುತ್ತದೆ. ಕೆಲವೇ ಹನಿ ಸಾಕು. ಕೆಲವು ಸೆಕೆಂಡುಗಳ ನಂತರ ತೊಳೆಯುತ್ತಾರೆ. ಚೀಲ ತಿಳಿನೀಲಿ, ಒಳಗಿನ ಮಸೂರ ಬಿಳಿ! ನೀಲಿ ಎಲ್ಲಿ ಮುಗಿಯುತ್ತದೋ ಅಲ್ಲೇ ಅಂಚು.

ಇಷ್ಟಾದರೂ ಒಮ್ಮೊಮ್ಮೆ ಚೀಲ ಅಡ್ಡಲಾಗಿ ಹರಿಯುವುದುಂಟು. ಆಗ ಎರಡು ನೀಲಿ ಪಟ್ಟಿಗಳ ನಡುವೆ ಬಿಳಿ ಪಟ್ಟಿ ಕಾಣುತ್ತದೆ. ವೈದ್ಯರು ಇದನ್ನು 'ಅರ್ಜೆಂಟೀನಾ ಧ್ವಜ' ಎನ್ನುತ್ತಾರೆ. ಆ ದೇಶದ ಧ್ವಜದ ಚಿತ್ರ ಹುಡುಕಿ ನೋಡಿ, ಏಕೆಂದು ತಿಳಿಯುತ್ತದೆ.

ಹಾಗಾದರೆ ಅಜ್ಜಿಗೆ ಲೋಕವೆಲ್ಲ ನೀಲಿಯಾಗಿ ಕಾಣುವುದೇ? ಇಲ್ಲ. ಪಾಪೆಯ ನೇರಕ್ಕಿದ್ದ ಆ ನೀಲಿ ತುಂಡನ್ನೇ ವೈದ್ಯರು ತೆಗೆದುಹಾಕಿರುತ್ತಾರೆ.