ಜೊತೆಯಲ್ಲಿ ಕೂರುವುದಕ್ಕೂ ಬೆಲೆಯೇ?

ನೀವು ಸಂಸಾರಸಮೇತರಾಗಿ ಬೆಂಗಳೂರಿನಿಂದ ದೆಹಲಿಗೆ ಹೊರಟಿದ್ದೀರಿ ಎಂದು ಭಾವಿಸೋಣ. ನೀವು, ನಿಮ್ಮ ಮನೆಯವರು, ಆರು ವರ್ಷದ ಮಗಳು, ಎಪ್ಪತ್ತು ದಾಟಿದ ತಾಯಿ, ಒಟ್ಟು ನಾಲ್ಕು ಜನ. ವಿಮಾನದ ಟಿಕೆಟ್ಟಿಗೆ ಹಣ ತೆರಲು ಹೊರಟಿದ್ದೀರಿ. ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಒಂದು ಚಿತ್ರ ಮೂಡುತ್ತದೆ. ವಿಮಾನದ ಮೇಲ್ಮುಚ್ಚಿಗೆಯನ್ನು ತೆಗೆದು ಒಳಗೆ ಇಣುಕಿದಂತೆ ಸಾಲು ಸಾಲಾಗಿ ಚೌಕಗಳು. ಒಂದೊಂದು ಬಣ್ಣಕ್ಕೆ ಒಂದೊಂದು ದರ. ಜೊತೆಗೊಂದು ಸೂಚನೆ: ಆಸನವನ್ನು ಆರಿಸಿಕೊಳ್ಳದಿದ್ದರೆ ನಾವೇ ಯಾವುದಾದರೊಂದನ್ನು ಕೊಡುತ್ತೇವೆ.

‘ಯಾವುದಾದರೊಂದು’ ಎಂಬ ಮಾತು ಒಂಟಿಯಾಗಿ ಹೋಗುವವನಿಗೆ ಏನೂ ಅಲ್ಲ. ಆದರೆ ಅದನ್ನು ಓದಿದೊಡನೆ ನಿಮ್ಮ ಮನಸ್ಸಿನಲ್ಲಿ ಮಗಳು ಒಂಬತ್ತನೆಯ ಸಾಲಿನಲ್ಲಿ ಅಪರಿಚಿತರ ನಡುವೆ ಕುಳಿತಿರುತ್ತಾಳೆ. ತಾಯಿ ಇಪ್ಪತ್ತೇಳನೆಯ ಸಾಲಿನಲ್ಲಿ ನಿಮ್ಮನ್ನು ಹುಡುಕುತ್ತ ಕತ್ತು ನಿಗುರಿಸುತ್ತಿರುತ್ತಾರೆ. ಒಂದು ಆಸನಕ್ಕೆ ೩೦೦ ರೂಪಾಯಿ ಎಂದು ಹಿಡಿದರೂ ನಾಲ್ವರು ಹೋಗಿಬರಲು ೨,೪೦೦ ರೂಪಾಯಿ ಹೆಚ್ಚಿಗೆ ಆಯಿತು. ಗೊಣಗುತ್ತ ಗೊಣಗುತ್ತಲೇ ಕೊಟ್ಟುಬಿಡುತ್ತೀರಿ.

ಈ ಹಣ ಯಾತಕ್ಕಾಗಿ? ಕೊಡದಿದ್ದರೆ ಏನಾಗುತ್ತದೆ? ಇದು ನ್ಯಾಯವೇ? ಕಾನೂನು ಏನು ಹೇಳುತ್ತದೆ? ಈ ಪ್ರಶ್ನೆಗಳನ್ನು ಒಂದೊಂದಾಗಿ ವಿಚಾರಮಾಡಿ ನೋಡೋಣ.

ಒಂದು ಕಾಲದಲ್ಲಿ ವಿಮಾನದ ಟಿಕೆಟ್ಟೆಂದರೆ ಮದುವೆಮನೆಯ ಎಲೆಯೂಟವಿದ್ದಂತೆ. ಎಲೆಯ ಮುಂದೆ ಕುಳಿತರಾಯಿತು, ಉಪ್ಪಿನಿಂದ ಹಿಡಿದು ಪಾಯಸದವರೆಗೆ ಎಲ್ಲವೂ ತಾನಾಗಿ ಬರುತ್ತಿತ್ತು. ಆಸನ, ಊಟ, ಪೆಟ್ಟಿಗೆಯ ಸಾಗಣೆ ಎಲ್ಲವೂ ಒಂದೇ ದರದೊಳಗೆ. ಇಂದಿನದು ಹೋಟೆಲಿನ ತಿಂಡಿಪಟ್ಟಿ: ಇಡ್ಲಿಗೆ ಬೇರೆ, ವಡೆಗೆ ಬೇರೆ. ಈ ಮಾರ್ಪಾಡು ಒಂದೇ ದಿನದಲ್ಲಿ ಆದದ್ದಲ್ಲ. ಅಮೆರಿಕದಲ್ಲಿ ೧೯೭೮ರವರೆಗೆ ಒಂದು ಸರ್ಕಾರಿ ಮಂಡಲಿಯೇ ವಿಮಾನದರವನ್ನು ನಿಯಂತ್ರಿಸುತ್ತಿತ್ತು. ಆ ವರ್ಷದ ಕಾನೂನು ಕಟ್ಟನ್ನು ಸಡಿಲಿಸಿದ ಮೇಲೆ ಕಂಪನಿಗಳಲ್ಲಿ ಪೈಪೋಟಿ ಹುಟ್ಟಿತು. ೨೦೦೮ರಲ್ಲಿ ಎಣ್ಣೆಯ ಬೆಲೆ ಏರಿದಾಗ ಅಲ್ಲಿನ ದೊಡ್ಡ ಕಂಪನಿಗಳೂ ಪೆಟ್ಟಿಗೆಗೆ ಬೇರೆ ಶುಲ್ಕ ಹಾಕಲು ತೊಡಗಿದವು. ನಮ್ಮಲ್ಲಿ ಈ ದಾರಿಯನ್ನು ತೆರೆದವರು ಕನ್ನಡಿಗರೇ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥರು ೨೦೦೩ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ವಿಮಾನಗಳನ್ನು ಹಾರಿಸಿದಾಗ, ತಿಂಡಿ ಬೇಕಾದವರು ದುಡ್ಡು ಕೊಟ್ಟು ಕೊಳ್ಳಬೇಕಾಗಿತ್ತು. ಆಸನಕ್ಕೆ ಸಂಖ್ಯೆಯೂ ಇರಲಿಲ್ಲ. ಬಸ್ಸಿನಂತೆ ಮೊದಲು ಹತ್ತಿದವರಿಗೆ ಬೇಕಾದ ಜಾಗ. ವಿಮಾನವನ್ನು ದೂರದಿಂದಲೇ ನೋಡಿದ್ದ ಎಷ್ಟೋ ಮಂದಿ ಹೀಗೆ ಮೊದಲ ಸಲ ಅದರೊಳಗೆ ಕಾಲಿಟ್ಟರು.

ಆದ್ದರಿಂದ ಬಿಡಿಬಿಡಿಯಾಗಿ ಮಾರುವ ಪದ್ಧತಿಯನ್ನು ಕೇವಲ ದುರಾಸೆಯೆಂದು ತಳ್ಳಿಹಾಕುವುದು ಸರಿಯಲ್ಲ. ಕೈಚೀಲವೊಂದನ್ನೇ ಹಿಡಿದು ಬೆಳಿಗ್ಗೆ ಹೋಗಿ ಸಂಜೆ ಬರುವವನು ಮತ್ತೊಬ್ಬರ ಮೂರು ಪೆಟ್ಟಿಗೆಗಳ ಖರ್ಚನ್ನು ಏಕೆ ಹೊರಬೇಕು? ಮೋಡವನ್ನು ನೋಡುತ್ತ ಹೋಗಬೇಕೆನ್ನುವವನು ಕಿಟಕಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ಉಳಿದವರಿಗೆ ನಷ್ಟವೇನು? ಈ ವಾದದಲ್ಲಿ ಹುರುಳಿದೆ. ನಮ್ಮ ದೇಶದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೂ ಇಷ್ಟದ ಆಸನಕ್ಕೆ ಬೇರೆ ಶುಲ್ಕ ಪಡೆಯಲು ಕಂಪನಿಗಳಿಗೆ ಅವಕಾಶ ಕೊಟ್ಟಿದೆ. ಆದರೆ ಪ್ರಯಾಣಿಕನು ತಾನಾಗಿ ಬೇಕೆಂದರೆ ಮಾತ್ರ, ಕಡ್ಡಾಯವಾಗಿ ಅಲ್ಲ.

ಇನ್ನು ಕೊಡದೆ ಹೋದರೆ ಏನಾಗುತ್ತದೆ? ಇಲ್ಲೊಂದು ಸಣ್ಣ ಲೆಕ್ಕವಿದೆ. ನಮ್ಮ ದೊಡ್ಡ ಊರುಗಳ ನಡುವೆ ಹಾರುವ ಸಾಮಾನ್ಯ ವಿಮಾನದಲ್ಲಿ ನಡೆದಾಡುವ ದಾರಿಯ ಎಡಕ್ಕೆ ಮೂರು, ಬಲಕ್ಕೆ ಮೂರು ಆಸನ. ೩೦ ಸಾಲೆಂದು ಹಿಡಿದರೆ ೧೮೦. ಇವುಗಳಲ್ಲಿ ಕಿಟಕಿಯ ಪಕ್ಕದವು ೬೦, ದಾರಿಯ ಪಕ್ಕದವು ೬೦, ನಡುವಿನವು ೬೦. ಹಣ ಕೊಟ್ಟು ಆರಿಸಿಕೊಳ್ಳುವವರು ಯಾವುದನ್ನು ಆರಿಸುತ್ತಾರೆ? ಒಂದೋ ಕಿಟಕಿ, ಇಲ್ಲವೇ ದಾರಿಯ ಪಕ್ಕ. ನಡುವೆ ಸಿಕ್ಕಿಕೊಂಡು ಕೂರಲು ಯಾರಿಗೆ ಇಷ್ಟ? ಅವೆರಡೂ ಬಗೆಯ ೧೨೦ ಆಸನಗಳು ಹೋದವೆನ್ನಿ. ಉಳಿದವು ೬೦. ಸಂಖ್ಯೆ ದೊಡ್ಡದೇ, ಆದರೆ ಆ ಅರವತ್ತರಲ್ಲಿ ಪಕ್ಕಪಕ್ಕದವು ಎರಡೂ ಇಲ್ಲ! ಮೂರನೆಯ ಒಂದು ಪಾಲು ವಿಮಾನ ಖಾಲಿಯಿದ್ದರೂ ತಾಯಿಮಗು ಒಟ್ಟಿಗೆ ಕೂರಲು ಎಡೆಯಿಲ್ಲ. ನಿಮ್ಮ ಸಂಸಾರವನ್ನು ಒಡೆಯಬೇಕೆಂದು ಯಾರೂ ಸಂಚು ಹೂಡಬೇಕಾಗಿಲ್ಲ. ಒಂಟಿ ಪ್ರಯಾಣಿಕರ ಆಯ್ಕೆಯೇ ಅದನ್ನು ಮಾಡಿಬಿಡುತ್ತದೆ.

ಹಾಗೆಂದು ಎಲ್ಲವನ್ನೂ ಆಕಸ್ಮಿಕವೆನ್ನಲೂ ಆಗದು. ಯಾರು ಯಾರು ಒಟ್ಟಿಗೆ ಟಿಕೆಟ್ಟು ಕೊಂಡಿದ್ದಾರೆ, ಅವರಲ್ಲಿ ಮಕ್ಕಳು ಯಾರು ಎಂಬುದು ಕಂಪನಿಯ ಯಂತ್ರಕ್ಕೆ ಗೊತ್ತು. ಕೆಲವು ಆಸನಗಳನ್ನು ಅವರಿಗಾಗಿ ಕಾದಿಡು ಎಂದು ಹೇಳಿಕೊಟ್ಟರೆ ಅದು ಕಾದಿಡುತ್ತದೆ, ಹೇಳಿಕೊಡದಿದ್ದರೆ ಇಲ್ಲ. ಹೇಳಿಕೊಡುವುದೂ ಬಿಡುವುದೂ ಮನುಷ್ಯರ ಕೈಯಲ್ಲೇ ಇದೆ. ‘ಬೇರೆಯಾಗಿಬಿಟ್ಟೇವು’ ಎಂಬ ಭಯವೇ ಆದಾಯದ ಮೂಲವಾದಾಗ ಆ ಭಯವನ್ನು ಹೋಗಲಾಡಿಸಲು ವ್ಯಾಪಾರಿಗೆ ಉತ್ಸಾಹವಿರದಿರುವುದು ಸಹಜ. ಇಲ್ಲಿಯೇ ಸರ್ಕಾರದ ನಿಯಮಕ್ಕೆ ಕೆಲಸ ಬೀಳುವುದು.

ಕಿಟಕಿ ಬೇಕೆನ್ನುವುದಕ್ಕೂ ಮಗುವಿನ ಪಕ್ಕ ಕೂರಬೇಕೆನ್ನುವುದಕ್ಕೂ ಅಜಗಜಾಂತರವಿದೆ. ಮೊದಲನೆಯದು ಸುಖ, ಎರಡನೆಯದು ಕ್ಷೇಮ. ವಿಮಾನ ಹೊರಡುವ ಮೊದಲು ಗಗನಸಖಿ ಹೇಳುವ ಮಾತನ್ನು ನೀವು ಕೇಳಿಯೇ ಇದ್ದೀರಿ: ಒಳಗಿನ ಗಾಳಿಯ ಒತ್ತಡ ಕುಸಿದರೆ ಮೇಲಿನಿಂದ ಆಮ್ಲಜನಕದ ಮುಖವಾಡಗಳು ಇಳಿದುಬರುತ್ತವೆ, ಮೊದಲು ನೀವು ಧರಿಸಿ, ಅನಂತರ ನಿಮ್ಮ ಮಗುವಿಗೆ ತೊಡಿಸಿ. ೩೫,೦೦೦ ಅಡಿ ಎತ್ತರದಲ್ಲಿ ಹೀಗಾದರೆ ಬುದ್ಧಿ ಸ್ಥಿಮಿತದಲ್ಲಿರುವುದು ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಮಾತ್ರ. ಮಗು ಹದಿನೆಂಟು ಸಾಲುಗಳಾಚೆ ಇದ್ದರೆ ತಾಯಿಯಾದವಳು ಆ ಉಪದೇಶವನ್ನು ಪಾಲಿಸುವುದು ಹೇಗೆ?

ಇನ್ನೊಂದು ಸಂಗತಿ. ದೊಡ್ಡ ಪ್ರಯಾಣಿಕ ವಿಮಾನದ ಯಾವುದೇ ಹೊಸ ಮಾದರಿಗೆ ಒಪ್ಪಿಗೆ ಸಿಗಬೇಕಾದರೆ, ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ ೯೦ ಸೆಕೆಂಡುಗಳೊಳಗೆ ಎಲ್ಲರೂ ಹೊರಬರಬಹುದೆಂದು ತೋರಿಸಬೇಕು. ನಿಜವಾದ ಅಪಾಯದಲ್ಲಿ ಜನರೆಲ್ಲ ಬಾಗಿಲಿನತ್ತ ನುಗ್ಗುವಾಗ, ಮಗುವನ್ನು ಹುಡುಕುತ್ತ ಎದುರು ದಿಕ್ಕಿಗೆ ಓಡುವ ತಂದೆಯನ್ನು ಕಲ್ಪಿಸಿಕೊಳ್ಳಿ. ಅವನನ್ನು ತಡೆಯುವವರಾರು? ಆಗ ಅಪಾಯ ಅವನೊಬ್ಬನಿಗಲ್ಲ, ಆ ಕಿರಿದಾದ ದಾರಿಯಲ್ಲಿರುವ ಎಲ್ಲರಿಗೂ. ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಈ ಕಾರಣದಿಂದಲೇ, ಚಿಕ್ಕ ಮಕ್ಕಳು ಹಿರಿಯರಿರುವ ಸಾಲಿನಲ್ಲೇ ಇರಬೇಕು, ತಪ್ಪಿದರೆ ಒಂದು ಸಾಲಿಗಿಂತ ದೂರವಿರಬಾರದು ಎಂದು ಸಲಹೆ ಮಾಡಿದೆ. ಮಗುವನ್ನು ಜೊತೆಯಲ್ಲಿ ಕೂರಿಸುವುದು ಪಾಯಸವಲ್ಲ, ಎಲೆಗೆ ಮೊದಲು ಬಡಿಸುವ ಉಪ್ಪು.

ಈ ಮಾತನ್ನು ಕೆಲವು ದೇಶಗಳು ಒಪ್ಪಿಕೊಂಡಿವೆ. ಕೆನಡಾದಲ್ಲಿ ೨೦೧೯ರ ಡಿಸೆಂಬರಿನಿಂದ ಜಾರಿಗೆ ಬಂದ ನಿಯಮ ಬಹಳ ಅಚ್ಚುಕಟ್ಟಾಗಿದೆ. ಐದು ವರ್ಷ ತುಂಬದ ಮಗುವಿಗೆ ಹಿರಿಯರ ಪಕ್ಕದ ಆಸನವೇ. ಐದರಿಂದ ಹನ್ನೊಂದರವರೆಗಿನವರಿಗೆ ಅದೇ ಸಾಲು, ನಡುವೆ ಒಂದಕ್ಕಿಂತ ಹೆಚ್ಚು ಆಸನದ ಅಂತರ ಕೂಡದು. ಹನ್ನೆರಡು, ಹದಿಮೂರರವರು ಒಂದು ಸಾಲಿಗಿಂತ ಆಚೆ ಇರಬಾರದು. ಇದಕ್ಕೆ ಹೆಚ್ಚಿನ ಶುಲ್ಕವಿಲ್ಲ. ಅಮೆರಿಕದ ಸಂಸತ್ತು ೨೦೧೬ರಲ್ಲೇ ಈ ವಿಷಯವನ್ನು ಪರಿಶೀಲಿಸುವಂತೆ ಸಾರಿಗೆ ಇಲಾಖೆಗೆ ಹೇಳಿತ್ತಾದರೂ, ಶುಲ್ಕವನ್ನು ನಿಷೇಧಿಸುವ ಕರಡು ನಿಯಮ ಹೊರಬಿದ್ದದ್ದು ೨೦೨೪ರ ಆಗಸ್ಟಿನಲ್ಲಿ.

ನಮ್ಮ ದೇಶದಲ್ಲಿ? ಮಕ್ಕಳನ್ನು ಹೆತ್ತವರಿಂದ ಬೇರೆ ಕೂರಿಸಿದ ಪ್ರಕರಣಗಳು ಕಿವಿಗೆ ಬಿದ್ದ ಮೇಲೆ, ೨೦೨೪ರ ಏಪ್ರಿಲಿನಲ್ಲಿ ಮಹಾನಿರ್ದೇಶನಾಲಯ ಒಂದು ಆದೇಶ ಹೊರಡಿಸಿತು. ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ, ಅದೇ ಪಿ.ಎನ್.ಆರ್. ಸಂಖ್ಯೆಯಲ್ಲಿ ಪ್ರಯಾಣಮಾಡುವ ತಂದೆತಾಯಿ ಅಥವಾ ಪೋಷಕರಲ್ಲಿ ಒಬ್ಬರ ಜೊತೆಗಾದರೂ ಆಸನ ಕೊಡಬೇಕು. ಕೊಟ್ಟದ್ದಕ್ಕೆ ದಾಖಲೆ ಇಡಬೇಕು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಭಯದಿಂದ ದುಡ್ಡು ಕೊಡುವ ಎಷ್ಟೋ ಮಂದಿಗೆ ಇದು ತಿಳಿದಿಲ್ಲ.

ಆದರೆ ಆದೇಶದ ಒಂದೊಂದು ಪದವನ್ನೂ ಬಿಡಿಸಿ ನೋಡಬೇಕು. ‘ಒಬ್ಬರ ಜೊತೆಗಾದರೂ’ ಎಂದಿದೆ. ಅಂದರೆ ಮಗುವಿನ ಬಳಿ ತಾಯಿಯೋ ತಂದೆಯೋ ಇದ್ದರೆ ನಿಯಮ ಪಾಲಿಸಿದಂತೆಯೇ. ಮತ್ತೊಬ್ಬರು ಬೇರೆಡೆ ಇರಬಹುದು. ‘ಅದೇ ಪಿ.ಎನ್.ಆರ್.’ ಎಂದಿದೆ. ಚಿಕ್ಕಪ್ಪ ತನ್ನ ಟಿಕೆಟ್ಟಿನ ಜೊತೆ ಮಗುವಿನದನ್ನು ಕೊಂಡು, ನೀವು ನಿಮ್ಮದನ್ನು ಬೇರೆಯಾಗಿ ಕೊಂಡರೆ, ನೀವು ಆ ಮಗುವಿನ ತಾಯಿಯೆಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಎಲ್ಲಕ್ಕಿಂತ ಮಿಗಿಲಾಗಿ, ಆದೇಶದಲ್ಲಿ ಅಜ್ಜಿಯ ಮಾತೇ ಇಲ್ಲ. ಕನ್ನಡವೊಂದನ್ನೇ ಬಲ್ಲ, ಜೀವಮಾನದಲ್ಲಿ ಮೊದಲ ಸಲ ವಿಮಾನ ಹತ್ತಿದ ಹಿರಿಯರು ಇಪ್ಪತ್ತೇಳನೆಯ ಸಾಲಿನಲ್ಲಿ ಒಂಟಿಯಾಗಿ ಕುಳಿತು, ನೀರು ಕೇಳಲೂ ಸಂಕೋಚಪಟ್ಟು ಎರಡೂವರೆ ಗಂಟೆ ಕಳೆದರೆ, ಅಲ್ಲಿ ಯಾವ ನಿಯಮವೂ ಮುರಿದಿರುವುದಿಲ್ಲ.

ಹೀಗಿರುವಲ್ಲಿ ನೀವು ಮಾಡಬಹುದಾದದ್ದೇನು? ಮೊದಲನೆಯದಾಗಿ, ಮನೆಮಂದಿಯ ಟಿಕೆಟ್ಟುಗಳನ್ನೆಲ್ಲ ಒಂದೇ ಸಂಖ್ಯೆಯಲ್ಲಿ ಕೊಳ್ಳಿರಿ. ಮಕ್ಕಳ ವಯಸ್ಸನ್ನು ಸರಿಯಾಗಿ ನಮೂದಿಸಿರಿ. ಎರಡನೆಯದಾಗಿ, ವೆಬ್ ಚೆಕ್-ಇನ್ ಎಂದು ಆರಂಭವಾಗುತ್ತದೆಂದು ತಿಳಿದುಕೊಂಡು, ಆರಂಭವಾದೊಡನೆ ಮಾಡಿರಿ. ಪಕ್ಕಪಕ್ಕದ ಆಸನಗಳು ಆಗಿನ್ನೂ ಉಳಿದಿರುವ ಸಂಭವ ಹೆಚ್ಚು. ಮೂರನೆಯದಾಗಿ, ಎಲ್ಲರಿಗೂ ಹಣ ಕೊಡುವ ಮೊದಲು ಯಾರಿಗೆ ನಿಜವಾಗಿ ಜೊತೆ ಬೇಕೆಂದು ಯೋಚಿಸಿರಿ. ಮಗುವಿನ ಹಕ್ಕನ್ನು ನಿಯಮ ಕಾಯುತ್ತದೆ. ಖರ್ಚು ಮಾಡುವುದಿದ್ದರೆ ತಾಯಿಯವರ ಮತ್ತು ಅವರ ಪಕ್ಕ ಕೂರುವ ಒಬ್ಬರ ಆಸನಕ್ಕೆ ಮಾಡಿರಿ. ಹಾಗೆ ನೋಡಿದರೆ ೨,೪೦೦ ರೂಪಾಯಿಯ ಲೆಕ್ಕ ೧,೨೦೦ಕ್ಕೆ ಇಳಿಯುತ್ತದೆ. ನಾಲ್ಕನೆಯದಾಗಿ, ಮಗು ಬೇರೆಯಾಗಿರುವುದು ಕಂಡುಬಂದರೆ ವಿಮಾನದೊಳಗೆ ಹೋಗುವವರೆಗೆ ಕಾಯಬೇಡಿರಿ. ನಿಲ್ದಾಣದ ಕೌಂಟರಿನಲ್ಲಿಯೇ ಬೋರ್ಡಿಂಗ್ ಪಾಸುಗಳನ್ನು ತೋರಿಸಿ, ೨೦೨೪ರ ಆದೇಶವನ್ನು ಹೆಸರಿಸಿ ಕೇಳಿರಿ. ಅಲ್ಲಿ ಬದಲಾಯಿಸುವುದು ಸುಲಭ.

ಕೆಲವೊಮ್ಮೆ ಹಣ ಕೊಟ್ಟ ಆಸನವನ್ನೂ ಬದಲಿಸಬೇಕಾದೀತು, ಅದಕ್ಕೆ ಕಾರಣವಿರುತ್ತದೆ. ಮೂರು ಆಸನಗಳ ಮೇಲೆ ಸಾಮಾನ್ಯವಾಗಿ ನಾಲ್ಕೇ ಮುಖವಾಡಗಳಿರುವುದರಿಂದ, ಆ ಮೂರರಲ್ಲಿ ಮಡಿಲಮಗು ಎರಡು ಇರುವಂತಿಲ್ಲ. ತುರ್ತು ಬಾಗಿಲಿನ ಸಾಲಿನಲ್ಲಿ ಮಕ್ಕಳನ್ನು ಕೂರಿಸುವಂತಿಲ್ಲ. ಚಿಕ್ಕ ಊರುಗಳಿಗೆ ಹಾರುವ ಎ.ಟಿ.ಆರ್. ವಿಮಾನಗಳಲ್ಲಿ ಸಾಲಿಗೆ ಎರಡೆರಡರಂತೆ ನಾಲ್ಕೇ ಆಸನ. ಭಾರದ ಸಮತೋಲವನ್ನು ನೋಡಿ ಜನರನ್ನು ಕೂರಿಸಿರುತ್ತಾರೆ. ಹಿಂದೆ ಖಾಲಿಯಿದೆಯೆಂದು ಸಿಬ್ಬಂದಿಯನ್ನು ಕೇಳದೆ ಎದ್ದುಹೋಗಬಾರದು.

ಕೊನೆಯದಾಗಿ ಸಹಪ್ರಯಾಣಿಕರ ಮಾತು. ರೈಲಿನಲ್ಲಿ ‘ಸ್ವಲ್ಪ ಆ ಕಡೆಗೆ ಕೂರ್ತೀರಾ, ಅಮ್ಮನಿಗೆ ಕೆಳಗಿನ ಬರ್ತು ಬೇಕಿತ್ತು’ ಎಂದು ಕೇಳಿ, ಬದಲಾಯಿಸಿಕೊಂಡು, ಆಮೇಲೆ ಬುತ್ತಿಯನ್ನೂ ಹಂಚಿಕೊಂಡು ತಿಂದವರು ನಾವು. ವಿಮಾನದಲ್ಲಿಯೂ ಕೇಳಬಹುದು. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು: ಆ ಕಿಟಕಿಯವನು ತನ್ನ ಜಾಗಕ್ಕೆ ಬೇರೆಯಾಗಿ ದುಡ್ಡು ತೆತ್ತಿರಬಹುದು. ಅವನು ಒಲ್ಲೆನೆಂದರೆ ಅವನನ್ನು ಕಟುಕನೆಂದು ಬಗೆಯುವುದು ತಪ್ಪು. ಕೇಳುವವರು ತಮ್ಮಲ್ಲಿರುವ ಆಸನಗಳಲ್ಲಿ ಒಳ್ಳೆಯದನ್ನೇ ಅವನಿಗೆ ಕೊಡಬೇಕು. ನಡುವಿನದನ್ನು ಕೊಟ್ಟು ಕಿಟಕಿಯನ್ನು ಬಯಸಬಾರದು. ಸಿಬ್ಬಂದಿಯ ಮೂಲಕ ಕೇಳುವುದು ಇನ್ನೂ ಒಳ್ಳೆಯದು.

ಇನ್ನು ನೀವು ಒಂಟಿಯಾಗಿ ಹೊರಟ ದಿನ, ನಿಮ್ಮ ಪಕ್ಕದಲ್ಲಿ ಯಾರದೋ ಮನೆಯ ಅಜ್ಜಿ ಸೀಟ್ ಬೆಲ್ಟಿನ ಕೊಂಡಿ ಸಿಕ್ಕದೆ ತಡಕಾಡುತ್ತಿದ್ದರೆ, ಅವರ ಮಗ ಒಂಬತ್ತನೆಯ ಸಾಲಿನಿಂದ ಹಿಂದಿರುಗಿ ಹಿಂದಿರುಗಿ ನೋಡುತ್ತಿದ್ದರೆ, ಸಾಧ್ಯವಿದ್ದಲ್ಲಿ ಅವನೊಡನೆ ಜಾಗ ಬದಲಿಸಿಕೊಳ್ಳಿರಿ. ಸಾಧ್ಯವಾಗದಿದ್ದರೆ ಬೆಲ್ಟು ಹಾಕಿಕೊಟ್ಟು, ಯಾವ ಊರು ಎಂದು ಕೇಳಿ, ಒಂದು ಲೋಟ ನೀರು ತರಿಸಿಕೊಡಿರಿ.