ಮೊಬೈಲಿನಲ್ಲಿ ನಮ್ಮದೇ ರೇಡಿಯೋ

ರೇಡಿಯೋ ನಮಗೆ ಹೊಸದಲ್ಲ. ಮೈಸೂರಿನಲ್ಲಿ ಗೋಪಾಲಸ್ವಾಮಿ ಎಂಬ ಮೇಷ್ಟ್ರು ಇದ್ದರು. ಅವರು 1935ರಲ್ಲಿ ತಮ್ಮ ಮನೆಯಲ್ಲೇ ಒಂದು ರೇಡಿಯೋ ಕೇಂದ್ರ ಶುರು ಮಾಡಿದರು. ಅದರ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರು ಬಂತು. ಈ ರೇಡಿಯೋದಲ್ಲಿ ಕೇಂದ್ರದವರು ಹಾಡು ಹಾಕುತ್ತಾರೆ. ಊರೆಲ್ಲ ಅದನ್ನೇ ಕೇಳುತ್ತದೆ.

ಈಗ ಮೊಬೈಲಿನಲ್ಲಿ ಇನ್ನೊಂದು ಬಗೆಯ ರೇಡಿಯೋ ಬಂದಿದೆ. ಯೂಟ್ಯೂಬ್ ಮ್ಯೂಸಿಕ್, ಸ್ಪಾಟಿಫೈ ಮುಂತಾದ ಆ್ಯಪ್‌ಗಳಲ್ಲಿ ಅದು ಸಿಗುತ್ತದೆ. ನಾವು ಒಂದು ಹಾಡು ಆರಿಸುತ್ತೇವೆ. ಅದರ ರೇಡಿಯೋ ಬೇಕು ಅಂತ ಒತ್ತುತ್ತೇವೆ. ಆ ಹಾಡು ಮುಗಿದ ಮೇಲೆ ಅಂಥದೇ ಇನ್ನೊಂದು ತಾನಾಗಿ ಬರುತ್ತದೆ. ಆಮೇಲೆ ಮತ್ತೊಂದು. ಅದೇ ಹೊತ್ತಿಗೆ ಪಕ್ಕದ ಮನೆಯವರ ಮೊಬೈಲಿನಲ್ಲಿ ಬೇರೆಯೇ ಹಾಡು. ನಮಗೆ ನಮ್ಮದು, ಅವರಿಗೆ ಅವರದು.

ನಮಗೆ ಯಾವ ಹಾಡು ಇಷ್ಟ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ? ಒಳಗೆ ಯಾರಾದರೂ ಕೂತಿದ್ದಾರೆಯೇ?

ಮೊದಮೊದಲು ಕೂತಿದ್ದರು ಅಂತಲೇ ಹೇಳಬಹುದು! ಅಮೆರಿಕದ ಪಂಡೋರಾ ಕಂಪನಿ ಸಂಗೀತ ಬಲ್ಲವರನ್ನು ಕೆಲಸಕ್ಕೆ ಇಟ್ಟುಕೊಂಡಿತು. ಈ ಕೆಲಸ 2000ನೇ ಇಸವಿಯಲ್ಲಿ ಶುರುವಾಯಿತು. ಅವರು ಒಂದೊಂದೇ ಹಾಡು ಕೇಳಿ ಅದರ ಗುಣ ಬರೆದಿಟ್ಟರು. ನಿಧಾನದ ಹಾಡೋ, ಬಿರುಸಿನದೋ? ದನಿ ಹೆಣ್ಣಿನದೋ, ಗಂಡಿನದೋ? ಯಾವ ವಾದ್ಯ ಇದೆ? ಹೀಗೆ ಒಂದು ಹಾಡಿಗೆ ನೂರಾರು ಗುಣ. ದನದ ಜಾತ್ರೆಯಲ್ಲಿ ಎತ್ತಿನ ಹಲ್ಲು, ಸುಳಿ, ಕೊಂಬು ನೋಡುವುದಿಲ್ಲವೇ, ಹಾಗೆ. ನೀವು ಒಂದು ಹಾಡು ಮೆಚ್ಚಿದರೆ ಅದಕ್ಕೆ ಜೋಡಿಯಾಗುವ ಇನ್ನೊಂದನ್ನು ಯಂತ್ರ ಹುಡುಕಿ ಕೊಡುತ್ತಿತ್ತು. 2005ರಲ್ಲಿ ಈ ರೇಡಿಯೋ ಜನರಿಗೆ ಸಿಕ್ಕಿತು. 2008ರಲ್ಲಿ ಐಫೋನಿಗೂ ಬಂತು. ಪಂಡೋರಾ ನಮ್ಮ ದೇಶದಲ್ಲಿ ಇಲ್ಲ. ಆದರೆ ದಾರಿ ತೋರಿಸಿದ್ದು ಅದು.

ಇನ್ನೊಂದು ದಾರಿಯೂ ಇದೆ. ಅಂಗಡಿಯವರನ್ನು ನೋಡಿ. ರವೆ ಕೊಂಡವರು ಸಕ್ಕರೆಯನ್ನೂ ಕೊಳ್ಳುತ್ತಾರೆ ಅಂತ ಅವರಿಗೆ ಗೊತ್ತು. ನೀವು ರವೆ ಕೇಳಿದ ಕೂಡಲೆ “ಸಕ್ಕರೆ ಬೇಡವೇನಮ್ಮಾ?” ಅನ್ನುತ್ತಾರೆ. ಯಂತ್ರವೂ ಹಾಗೇ. ಲಕ್ಷಾಂತರ ಜನ ಏನು ಕೇಳಿದರು ಎಂಬ ಲೆಕ್ಕ ಅದರ ಬಳಿ ಇರುತ್ತದೆ. ಈ ಹಾಡು ಮೆಚ್ಚಿದವರು ಆ ಹಾಡನ್ನೂ ಮೆಚ್ಚಿದ್ದಾರೆ, ಇವರಿಗೂ ಅದನ್ನು ಕೊಡೋಣ ಅನ್ನುತ್ತದೆ.

ನಾವು ಒತ್ತುವುದೆಲ್ಲ ಈ ಲೆಕ್ಕಕ್ಕೆ ಸೇರುತ್ತದೆ. ಹಾಡು ಪೂರ್ತಿ ಕೇಳಿದರೆ ಇಷ್ಟ ಅಂತ ಬರೆದುಕೊಳ್ಳುತ್ತದೆ. ನಡುವೆಯೇ ದಾಟಿಸಿದರೆ ಇಷ್ಟವಿಲ್ಲ ಅಂತ. ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ಹೆಬ್ಬೆರಳಿನ ಚಿತ್ರವೂ ಇದೆ. ಮೇಲೆ ಎತ್ತಿದ ಬೆರಳು ಮೆಚ್ಚುಗೆಗೆ, ಕೆಳಗೆ ಮಾಡಿದ್ದು ಬೇಡ ಅನ್ನುವುದಕ್ಕೆ. ನೋಡಿ, ಸಹಿ ಕಲಿತು ಹೆಬ್ಬೆಟ್ಟು ಬಿಟ್ಟೆವು. ಹೆಬ್ಬೆಟ್ಟು ಮೊಬೈಲಿಗೆ ಬಂದು ಕೂತಿದೆ!

ಮನೆಗೆ ಒಂದೇ ಮೊಬೈಲ್ ಇದ್ದರೆ ತಮಾಷೆ ಆಗುತ್ತದೆ. ಬೆಳಗ್ಗೆ ಅಜ್ಜಿ ದೇವರನಾಮ ಕೇಳುತ್ತಾರೆ. ಮಧ್ಯಾಹ್ನ ಮಗ ಸಿನಿಮಾ ಹಾಡು ಹಾಕುತ್ತಾನೆ. ಸಂಜೆ ಸೊಸೆ ಜನಪದ ಗೀತೆ ಕೇಳುತ್ತಾಳೆ. ಯಂತ್ರಕ್ಕೆ ಮೂವರೂ ಒಬ್ಬರೇ. ಆಮೇಲೆ ದೇವರನಾಮದ ಬೆನ್ನಿಗೇ ಕುಣಿತದ ಹಾಡು ಬಂದರೆ ಮೊಮ್ಮಗನನ್ನು ಬೈಯಬೇಡಿ.

ಆದರೆ ಒಂದು ಕಡೆ ಮಾತ್ರ ಹುಷಾರಾಗಿರಬೇಕು. ಹೊಸ ಆ್ಯಪ್ ಹಾಕಿಕೊಂಡಾಗ ಅದು ಕೆಲವು ಪ್ರಶ್ನೆ ಕೇಳುತ್ತದೆ. ನೀವು ಎಲ್ಲಿದ್ದೀರಿ ಎಂದು ನೋಡಲೇ? ನಿಮ್ಮ ಮೊಬೈಲಿನಲ್ಲಿರುವ ನಂಬರುಗಳನ್ನು ನೋಡಲೇ? ಕೆಳಗೆ ‘ಅನುಮತಿಸಿ’, ‘ಅನುಮತಿಸಬೇಡಿ’ ಎಂದು ಇರುತ್ತದೆ. ಎರಡು ಪದದ ಮೊದಲ ಅಕ್ಷರಗಳು ಒಂದೇ. ಕೊನೆಯವರೆಗೆ ಓದಿ ಒತ್ತಬೇಕು. ಹಾಡು ಕೇಳಿಸುವುದಕ್ಕೆ ನಮ್ಮ ನೆಂಟರಿಷ್ಟರ ನಂಬರು ಏಕೆ? ಬೇಡ ಅಂದರೂ ಸಾಮಾನ್ಯವಾಗಿ ಹಾಡು ಬಂದೇ ಬರುತ್ತದೆ. ಓದಲು ಬಾರದವರ ಕೈಯಲ್ಲಿ ಇಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ ಹಾಗೇ ಆಗುತ್ತದೆ. ಹಿಂದೆ ಸಾಲದ ಪತ್ರಕ್ಕೆ ಹೀಗೆ ಒತ್ತಿ ಹೊಲ ಕಳೆದುಕೊಂಡವರು ನಮ್ಮಲ್ಲಿ ಕಡಿಮೆಯೇ?

ಇನ್ನು ಖರ್ಚು. ಈ ರೇಡಿಯೋ ನೆಟ್‌ನಿಂದ ಬರುತ್ತದೆ. ಡೇಟಾ ಖರ್ಚಾಗುತ್ತದೆ. ಸಾಧಾರಣ ದನಿಯಲ್ಲಿ, ಅಂದರೆ ಸೆಕೆಂಡಿಗೆ 64 ಕಿಲೋಬಿಟ್ ಲೆಕ್ಕದಲ್ಲಿ, ಒಂದು ಗಂಟೆಗೆ ಸುಮಾರು 29 ಎಂ.ಬಿ. ಬೇಕು. 1 ಜಿ.ಬಿ.ಯಲ್ಲಿ 34 ಗಂಟೆ ಕೇಳಬಹುದು. ದನಿ ಇನ್ನೂ ಚೆನ್ನಾಗಿರಲಿ ಅಂತ 128ಕ್ಕೆ ಇಟ್ಟರೆ ಡೇಟಾ ಎರಡರಷ್ಟು ಬೇಕು. ಹಾಡಿನ ಜೊತೆ ಚಿತ್ರವೂ ಓಡಿದರೆ ಇನ್ನೂ ಬೇಗ ಖಾಲಿ. ದುಡ್ಡು ಕೊಡದೆ ಕೇಳಿದರೆ ನಡುನಡುವೆ ಜಾಹೀರಾತು ಬರುತ್ತದೆ. ಕೆಲವು ಮೊಬೈಲಿನಲ್ಲಿ ಎಫ್.ಎಂ. ಇರುತ್ತದೆ. ಅದಕ್ಕೆ ಡೇಟಾ ಬೇಡ. ಇಯರ್‌ಫೋನಿನ ವೈರ್ ಸಿಕ್ಕಿಸಿದರೆ ಸಾಕು, ಅದೇ ಏರಿಯಲ್.

ನಮ್ಮ ಇಷ್ಟದ ರೇಡಿಯೋ ನಮಗೆ ಇಷ್ಟವಾದದ್ದನ್ನೇ ಕೊಡುತ್ತದೆ. ಅದೇ ಅದರ ಕೊರತೆ ಅಂತ ನಮಗೆ ಅನ್ನಿಸುತ್ತದೆ. ನಾಳೆ ಮಳೆ ಬರುತ್ತದೆಯೇ, ರಾಗಿಗೆ ಯಾವ ರೋಗ ಬಂದಿದೆ, ಮಗುವಿಗೆ ಯಾವ ಚುಚ್ಚುಮದ್ದು ಹಾಕಿಸಬೇಕು? ಇದನ್ನು ಯಾರೂ ಹಾಡಿನ ಹಾಗೆ ಮೆಚ್ಚಿ ಒತ್ತುವುದಿಲ್ಲ. ಆಕಾಶವಾಣಿಯಲ್ಲಾದರೆ ಹಾಡಿಗೆ ಕಾದು ಕೂತಾಗ ಇವೂ ಕಿವಿಗೆ ಬೀಳುತ್ತವೆ. ಹಾಗಾಗಿ ನಾವು ಎರಡನ್ನೂ ಇಟ್ಟುಕೊಳ್ಳೋಣ ಅನ್ನುತ್ತೇವೆ. ಆಕಾಶವಾಣಿಯೂ ಈಗ ಮೊಬೈಲಿನಲ್ಲಿ ಸಿಗುತ್ತದೆ. ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಆ್ಯಪ್‌ನಲ್ಲಿ ಬೆಂಗಳೂರು, ಮೈಸೂರು, ಧಾರವಾಡ ಕೇಂದ್ರಗಳು ಬರುತ್ತವೆ. ಮುಂಬಯಿಗೆ ದುಡಿಯಲು ಹೋದ ಮಗನೂ ಅಲ್ಲಿಂದಲೇ ಧಾರವಾಡ ಕೇಳಬಹುದು.

ಒಂದು ಚಿಕ್ಕ ಮಾತು. ನೆಟ್‌ನಲ್ಲಿ ಬರುವ ರೇಡಿಯೋ ಕೆಲವು ಸೆಕೆಂಡು ಹಿಂದೆ ಇರುತ್ತದೆ. ವಾರ್ತೆಗೆ ಮುಂಚೆ ಬರುವ ‘ಪೀ ಪೀ’ ಕೇಳಿ ಗಡಿಯಾರ ಸರಿ ಮಾಡುವವರು ಹಳೆಯ ರೇಡಿಯೋದಲ್ಲೇ ಕೇಳಿಕೊಳ್ಳಿ.